ಭೂಮಿಯ ಪಾಠಕ್ಕೆ ಮೂರು ದಿನದ ಜಗಳ

1892ರ ಡಿಸೆಂಬರ್ 28. ಶಿಕಾಗೊದ ಎಂಗಲ್‌ವುಡ್‌ನಲ್ಲಿ, ಮೇಷ್ಟ್ರುಗಳನ್ನು ತಯಾರು ಮಾಡುವ ಕುಕ್ ಕೌಂಟಿ ನಾರ್ಮಲ್ ಶಾಲೆಗೆ ಒಂಬತ್ತು ಮಂದಿ ಬಂದು ಕೂತರು. ಯಾವ ವಯಸ್ಸಿನ ಮಗುವಿಗೆ ಭೂಮಿಯ ಬಗ್ಗೆ ಏನು ಕಲಿಸಬೇಕು ಎಂದು ಮೂರು ದಿನದಲ್ಲಿ ತೀರ್ಮಾನಿಸಬೇಕಿತ್ತು. ಹಾರ್ವರ್ಡ್‌ನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಮುಂದಾಳಾಗಿದ್ದ ‘ಹತ್ತು ಜನರ ಸಮಿತಿ’ ಲ್ಯಾಟಿನ್, ಗಣಿತ, ಚರಿತ್ರೆ ಎಂದು ಒಂಬತ್ತು ಸಭೆ ಕರೆದಿತ್ತು. ಆ ಪಟ್ಟಿಯಲ್ಲಿ ಭೂಗೋಳದ್ದು ಕೊನೆಯದು.

ಭೂವಿಜ್ಞಾನಿ ಥಾಮಸ್ ಚೇಂಬರ್ಲಿನ್ ಅಲ್ಲಿದ್ದರು. ನದಿ ಕಡೆದ ನೆಲಕ್ಕೂ ಯೌವನ, ಮುಪ್ಪು ಉಂಟೆಂದ ವಿಲಿಯಂ ಮೋರಿಸ್ ಡೇವಿಸ್ ಇದ್ದರು. ಮಕ್ಕಳ ಕೈಗೆ ಮರಳು ಕೊಟ್ಟು ಬೆಟ್ಟ ಕಣಿವೆ ಕಟ್ಟಿಸುತ್ತಿದ್ದ ಫ್ರಾನ್ಸಿಸ್ ಪಾರ್ಕರ್ ಆ ಶಾಲೆಯ ಮುಖ್ಯಸ್ಥರೇ. ರಾಜಧಾನಿ, ನದಿಗಳ ಹೆಸರು ಉರು ಹೊಡೆಸಿದ್ದು ಇನ್ನು ಸಾಕು ಎಂಬುದು ಇವರ ಹಟ. ಚಿಕ್ಕ ಮಕ್ಕಳು ಮೊದಲು ತಮ್ಮ ಸುತ್ತಲಿನ ನೆಲ ನೋಡಲಿ, ಆಮೇಲೆ ನಕ್ಷೆ. ಹವಾಮಾನ, ಭೂವಿಜ್ಞಾನವೆಲ್ಲ ಹೈಸ್ಕೂಲಿಗೆ ಬಂದ ಮೇಲೆ. ಮಳೆ ನಿಂತಾಗ ಶಾಲೆಯ ಅಂಗಳಕ್ಕಿಳಿದರೆ ಈ ಕ್ರಮದ ಮರ್ಮ ತಿಳಿಯುತ್ತದೆ. ಸೂರಿನ ನೀರು ಬೆರಳಗಲದ ಕಾಲುವೆ ಕೊರೆದಿರುತ್ತದೆ, ಇಳಿಜಾರು ಮುಗಿದಲ್ಲಿ ದಪ್ಪ ಮರಳು ನಿಂತು, ನುಣ್ಣನೆಯ ಮಣ್ಣು ಇನ್ನೂ ಮುಂದೆ ಹೋಗಿ ಬೀಸಣಿಗೆಯಂತೆ ಹರಡಿರುತ್ತದೆ. ಇದನ್ನು ಕಂಡ ಏಳು ವರ್ಷದ ಮಗುವಿಗೆ ನದೀಮುಖಜ ಭೂಮಿಯನ್ನು ಮುಂದೆ ಬಾಯಿಪಾಠ ಮಾಡಿಸಬೇಕಿಲ್ಲ.

ಒಬ್ಬರು ಮಾತ್ರ ಒಪ್ಪಲಿಲ್ಲ: ಫಿಲಡೆಲ್ಫಿಯಾದ ಎಡ್ವಿನ್ ಹೂಸ್ಟನ್. ಇವರು ಹೈಸ್ಕೂಲ್ ಮೇಷ್ಟ್ರು, ಪ್ರಾಕೃತಿಕ ಭೂಗೋಳದ ಪಠ್ಯ ಬರೆದವರು. ಅದಕ್ಕಿಂತ ಹೆಚ್ಚಾಗಿ, ತಮ್ಮ ಹಳೆಯ ಶಿಷ್ಯ ಎಲಿಹು ಥಾಮ್ಸನ್ ಜೊತೆ ವಿದ್ಯುತ್ ಯಂತ್ರಗಳನ್ನು ರೂಪಿಸಿದವರು. ಇಬ್ಬರ ಹೆಸರು ಹೊತ್ತ ಕಂಪನಿ ಅದೇ 1892ರಲ್ಲಿ ಜನರಲ್ ಎಲೆಕ್ಟ್ರಿಕ್‌ನೊಳಗೆ ಸೇರಿತ್ತು. ವರದಿಗೆ ಬಹುಮತದವರು ಸಹಿ ಹಾಕಿದರು, ಹೂಸ್ಟನ್ ಭಿನ್ನಮತದ ವರದಿಯನ್ನೇ ಬರೆದು ಕೊಟ್ಟರು. ಒಂದು ಶಾಲಾಪಾಠಕ್ಕಾಗಿ ಇಂಥವರು ಇಷ್ಟು ಹಟ ಹಿಡಿದಿದ್ದರು ಎಂಬುದೇ ನನಗೆ ದೊಡ್ಡ ಸಂಗತಿ. ಒಂಬತ್ತು ವರದಿಗಳಲ್ಲಿ ಭೂಗೋಳದ್ದೇ ಅತ್ಯಂತ ಕ್ರಾಂತಿಕಾರಿ ಎಂದು ಮೂಲ ಸಮಿತಿಯೂ ಒಪ್ಪಿಕೊಂಡಿತು.

1900ರ ಹೊತ್ತಿಗೆ ಅಮೆರಿಕದ ಹೈಸ್ಕೂಲಿನಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲೊಬ್ಬರು ಪ್ರಾಕೃತಿಕ ಭೂಗೋಳ ಓದುತ್ತಿದ್ದರು. ಮೂರು ದಶಕ ಕಳೆಯುವಷ್ಟರಲ್ಲಿ ಅದು ಹೆಸರಿಗಷ್ಟೇ ಉಳಿಯಿತು. ಕಲಿಸಬಲ್ಲ ಮೇಷ್ಟ್ರುಗಳು ಸಾಲಲಿಲ್ಲ, ‘ಸಾಮಾನ್ಯ ವಿಜ್ಞಾನ’ ಬಂದು ಆ ಪೀರಿಯಡ್ ಕಿತ್ತುಕೊಂಡಿತು. ಭೂಮಿಯ ಪಾಠಕ್ಕೆ ಮತ್ತೆ ಜೀವ ಬಂದದ್ದು 1957ರಲ್ಲಿ ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿ, ಶಾಲೆಯ ವಿಜ್ಞಾನ ಸಾಲದೆಂದು ಅಮೆರಿಕ ಗಾಬರಿಯಾದ ಮೇಲೆ. 1963ರಲ್ಲಿ ಅಮೆರಿಕನ್ ಜಿಯಲಾಜಿಕಲ್ ಇನ್‌ಸ್ಟಿಟ್ಯೂಟ್ ಹೊಸ ಪಠ್ಯಕ್ರಮದ ಕೆಲಸ ಹಿಡಿಯಿತು, 1967ರಲ್ಲಿ ಪುಸ್ತಕ ಹೊರಬಂತು.

ನಮ್ಮಲ್ಲೂ ಈ ಪಾಠಕ್ಕೆ ಸ್ವಂತ ಮನೆಯಿಲ್ಲ. ಎಂಟನೇ ತರಗತಿಯ ಶಿಲಾಗೋಳ, ವಾಯುಗೋಳಗಳು ಸಮಾಜ ವಿಜ್ಞಾನದ ಪುಸ್ತಕದಲ್ಲಿವೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದನ್ನು ಹೇಗೆ ಲೆಕ್ಕ ಹಾಕಿದರು ಎಂದು ಕೇಳುವ ಮಗುವನ್ನು ಸಮಾಜ ವಿಜ್ಞಾನದ ಮೇಷ್ಟ್ರು ವಿಜ್ಞಾನದವರತ್ತ ಕಳಿಸುತ್ತಾರೆ, ಅವರು ‘ಇದು ನಮ್ಮ ಸಿಲೆಬಸ್ ಅಲ್ಲ’ ಎನ್ನುತ್ತಾರೆ. ಸಮಾಜ ವಿಜ್ಞಾನ, ವಿಜ್ಞಾನ ಎರಡರ ಪುಸ್ತಕಗಳನ್ನೂ ಬರೆಯುವವರು ಒಂದೇ ಮೇಜಿನ ಸುತ್ತ ಮೂರು ದಿನ ಕೂತು ಜಗಳವಾಡಲಿ.