ಮಿದುಳಿನೊಳಗೆ ಹೆಪ್ಪು

ಆಲ್‌ಝೈಮರ್ ಕಾಯಿಲೆ ಮಿದುಳಿನ ಒಂದು ಮೂಲೆಯಲ್ಲಿ ಶುರುವಾಗಿ ಉಳಿದೆಡೆಗೆ ಹಬ್ಬುವುದು ಹೇಗೆ? ಇದಕ್ಕೆ ಮದ್ದಿದೆಯೇ?

ಈ ಕಾಯಿಲೆಯಲ್ಲಿ ಅಮಿಲಾಯ್ಡ್, ಟೌ ಎಂಬ ಪ್ರೋಟೀನುಗಳು ತಪ್ಪಾಗಿ ಮಡಚಿಕೊಂಡು ಗಂಟುಕಟ್ಟುತ್ತವೆ. ಕೆಟ್ಟ ಆಕಾರದ ಪ್ರೋಟೀನು ಪಕ್ಕದ ಒಳ್ಳೆಯದನ್ನೂ ತನ್ನಂತೆಯೇ ಮಾಡುತ್ತದೆ, ಒಂದು ಚಮಚ ಹೆಪ್ಪು ಪಾತ್ರೆಯ ಹಾಲನ್ನೆಲ್ಲ ಮೊಸರಾಗಿಸುವ ಹಾಗೆ. ಟೌ ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟುತ್ತ ಹೋದಂತೆ ಕೋಶಗಳು ಸಾಯುತ್ತವೆ. ಬರೀ ಪ್ರೋಟೀನೇ ಹೀಗೆ ರೋಗ ಹಬ್ಬಿಸಬಲ್ಲದೆಂದು 1982ರಲ್ಲಿ ವಿಜ್ಞಾನಿ ಸ್ಟಾನ್ಲಿ ಪ್ರುಸಿನರ್ ಕುರಿಗಳ ಸ್ಕ್ರೇಪಿ ರೋಗದ ಬಗ್ಗೆ ಹೇಳಿದಾಗ ನಂಬಿದವರು ಕಡಿಮೆ. 1997ರಲ್ಲಿ ಅವರಿಗೆ ನೊಬೆಲ್ ಬಂತು.

ಅಮಿಲಾಯ್ಡ್ ಗಂಟುಗಳನ್ನು ತೆಗೆಯುವ ಲೆಕಾನೆಮ್ಯಾಬ್ ಔಷಧಕ್ಕೆ 2023ರಲ್ಲಿ ಅಮೆರಿಕ ಪೂರ್ಣ ಅನುಮತಿ ಕೊಟ್ಟಿತು. ಅದು ಆರಂಭದ ಹಂತದಲ್ಲಿ ರೋಗದ ವೇಗವನ್ನು ತುಸು ತಗ್ಗಿಸುತ್ತದೆ. ಹೋದ ನೆನಪನ್ನು ಮರಳಿಸದು. ಮಿದುಳಿನ ಊತ, ರಕ್ತಸ್ರಾವದ ಅಪಾಯವೂ ಇದೆ. ಮನೆಯ ಹಿರಿಯರ ಮರೆವು ಹೆಚ್ಚುತ್ತಿದ್ದರೆ ವಯಸ್ಸಾಯಿತೆಂದು ಸುಮ್ಮನಾಗದೆ ಬೇಗ ನರರೋಗ ತಜ್ಞರಿಗೆ ತೋರಿಸಿ.