ಎಳೆಯ ಕೈ, ಸೊಟ್ಟ ಅಕ್ಷರ

ಐದು ವರ್ಷದ ತಮ್ಮನಿಗೆ ನೀವು ಅಕ್ಷರಾಭ್ಯಾಸ ಮಾಡಿಸುತ್ತಿರುವಿರೆಂದು ಭಾವಿಸಿರಿ. ಅವನು ಬರೆದ ‘ಅ’ ಸೊಟ್ಟಗಾಯಿತೆಂದು ಗದರಿಸುವ ಮುನ್ನ ಅವನ ಕೈಯ ರಚನೆಯನ್ನು ಅರಿತುಕೊಳ್ಳುವುದು ಲೇಸು.

ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಮಗು ಹುಟ್ಟಿದಾಗ ಇವು ಬಹುಮಟ್ಟಿಗೆ ಮೃದ್ವಸ್ಥಿಗಳೇ. ಒಂದೊಂದಾಗಿ ಗಟ್ಟಿಯಾಗುತ್ತ ಹೋಗಿ, ಕೊನೆಯದು ಮೂಳೆಯಾಗತೊಡಗುವುದು ಸಾಮಾನ್ಯವಾಗಿ 8ರಿಂದ 12ನೆಯ ವಯಸ್ಸಿನಲ್ಲಿ. ಬೆರಳುಗಳ ನಯವಾದ ಚಲನೆಯ ಮೇಲೆ ಮಿದುಳಿಗೆ ಹತೋಟಿ ದೊರೆಯುವುದೂ ಹೀಗೆಯೇ ಮೆಲ್ಲಮೆಲ್ಲನೆ. ಆದುದರಿಂದ ಸೊಟ್ಟ ಅಕ್ಷರ ಸೋಮಾರಿತನದ ಕುರುಹಲ್ಲ.

ಮೊದಲು ಮರಳಿನ ಮೇಲೆ ಬೆರಳಿನಿಂದ ದೊಡ್ಡದಾಗಿ ಬರೆಯಿಸಿರಿ. ಇಲ್ಲಿ ಇಡೀ ತೋಳು ಚಲಿಸುವುದರಿಂದ ಬೆರಳಿಗೆ ಶ್ರಮ ಕಡಿಮೆ. ಅನಂತರ ಸ್ಲೇಟು, ಬಳಪ, ಆಮೇಲೆ ಪೆನ್ಸಿಲು. ಪೆನ್ಸಿಲನ್ನು ಹೆಬ್ಬೆರಳು, ತೋರುಬೆರಳುಗಳು ಹಿಡಿದಿರಲಿ. ನಡುಬೆರಳು ಕೆಳಗಿನಿಂದ ಆಧಾರ ಕೊಡಲಿ. ಆಕಾರದಲ್ಲಿ ಸಮೀಪವಾದ ಅಕ್ಷರಗಳನ್ನು ಒಟ್ಟಿಗೆ ಕಲಿಸಿರಿ: ‘ರ’ದ ನಡುವೆ ಚುಕ್ಕೆಯಿಟ್ಟರೆ ‘ಠ’ ಆಗುವುದಷ್ಟೆ. ಎಡಗೈಯಿಂದ ಬರೆಯುವ ಮಗುವನ್ನು ಬಲಗೈ ಬಳಸೆಂದು ಬಲಾತ್ಕರಿಸಬೇಡಿರಿ.

ಬರೆದುಕೊಟ್ಟ ಅಕ್ಷರದ ಮೇಲೆಯೇ ತಿದ್ದಿಸುವುದರಲ್ಲಿ ನಿಲ್ಲಬಾರದು. ಅಮೆರಿಕದ ಕರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್‌ಹಾರ್ಟ್ ಎಂಬ ವಿಜ್ಞಾನಿಗಳು, ಇನ್ನೂ ಓದುಬಾರದ ಐದು ವರ್ಷದ ಮಕ್ಕಳಿಂದ ಕೆಲವು ಅಕ್ಷರಗಳನ್ನು ಸ್ವತಃ ಬರೆಯಿಸಿದರು, ಕೆಲವನ್ನು ತಿದ್ದಿಸಿದರು, ಕೆಲವನ್ನು ಕೀಲಿಮಣೆಯಲ್ಲಿ ಒತ್ತಿಸಿದರು. ಬಳಿಕ ಅವನ್ನೇ ತೋರಿಸುತ್ತ ಮಿದುಳನ್ನು ಪರೀಕ್ಷಿಸಿದರು. ಓದುವಾಗ ಕೆಲಸಮಾಡುವ ಮಿದುಳಿನ ಭಾಗಗಳು ಚುರುಕುಗೊಂಡದ್ದು ಸ್ವತಃ ಬರೆದ ಅಕ್ಷರಗಳನ್ನು ಕಂಡಾಗ ಎಂದು 2012ರಲ್ಲಿ ಪ್ರಕಟಿಸಿದರು. ಪ್ರತಿ ಸಲವೂ ಬೇರೆಬೇರೆಯಾಗಿ ಮೂಡುವ ಸೊಟ್ಟ ರೂಪಗಳಿಂದಲೇ ಮಗು ಅಕ್ಷರದ ನಿಜವಾದ ಆಕಾರವನ್ನು ಗುರುತಿಸಲು ಕಲಿಯುವುದೆಂಬುದು ಅವರ ಊಹೆ.

ಎಂದ ಮೇಲೆ, ತಮ್ಮನ ಸೊಟ್ಟ ‘ಅ’ವನ್ನು ಅಳಿಸುವ ಅವಸರವೇಕೆ? ಅದರ ಪಕ್ಕದಲ್ಲಿ ಇನ್ನೊಂದನ್ನು ಬರೆಯಲು ಹೇಳಿರಿ.