ಸಕ್ಕರೆ ಕಾಯಿಲೆ, ನಿಮಿರು ದೌರ್ಬಲ್ಯ ಮತ್ತು ಆಕರಕೋಶದ ಆಸೆ

ಶುಗರ್ ಇರುವ ಗಂಡಸರು ಪಾದ ಉರಿಯುತ್ತದೆ, ಕಣ್ಣು ಮಂಜಾಗಿದೆ ಎಂದು ಡಾಕ್ಟರ ಹತ್ತಿರ ಹೇಳಿಕೊಳ್ಳುತ್ತಾರೆ. ನಿಮಿರುವಿಕೆ ಕುಗ್ಗಿದ್ದನ್ನು ಮಾತ್ರ ಹೇಳುವುದಿಲ್ಲ. ಭದ್ರಾವತಿಯಂಥ ಕಾರ್ಖಾನೆ ಊರಿನಲ್ಲಿ, ಕ್ಲಿನಿಕ್ಕಿನ ಬೆಂಚಿನ ಮೇಲೂ ಪರಿಚಯದವರೇ ಕೂತಿರುವಾಗ, ಸಂಕೋಚ ಇನ್ನೂ ಹೆಚ್ಚು. ಹಾಗೆ ಬಚ್ಚಿಟ್ಟವರು ಮೊಬೈಲಿನಲ್ಲಿ ಮದ್ದು ಹುಡುಕಿದರೆ ಎದುರಾಗುವುದು ಸ್ಟೆಮ್ ಸೆಲ್, ಅಂದರೆ ಆಕರಕೋಶ ಚಿಕಿತ್ಸೆಯ ಭರವಸೆ.

ನಿಮಿರುವಿಕೆ ಬಹುಪಾಲು ರಕ್ತನಾಳದ ಕೆಲಸ. ಮಿದುಳಿನ ಸಂದೇಶ ತಲುಪಿದಾಗ ನರದ ತುದಿಗಳೂ ನಾಳದ ಒಳಪದರವೂ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಬಿಡುತ್ತವೆ. ಸ್ನಾಯು ಸಡಿಲಗೊಂಡು ರಕ್ತ ತುಂಬುತ್ತದೆ. ವರ್ಷಗಟ್ಟಲೆ ಏರಿದ ಸಕ್ಕರೆ ಆ ನರ, ನಾಳಗಳೆರಡನ್ನೂ ಕೆಡಿಸುತ್ತದೆ. 1998ರಲ್ಲಿ ಬಂದ ಸಿಲ್ಡೆನಾಫಿಲ್ ಮಾತ್ರೆ ಆ ಅನಿಲದ ಪರಿಣಾಮವನ್ನು ಹೆಚ್ಚು ಹೊತ್ತು ಉಳಿಸುತ್ತದೆ, ಅನಿಲವನ್ನು ಹುಟ್ಟಿಸುವುದಿಲ್ಲ. ಮಧುಮೇಹಿಗಳಲ್ಲಿ ಅನೇಕರಿಗೆ ಅದು ಸಾಲದಿರುವುದು ಇದಕ್ಕೇ.

ಹಾಗಾದರೆ ನರ, ನಾಳಗಳನ್ನೇ ದುರಸ್ತಿ ಮಾಡಬಾರದೇಕೆ? ಮಧುಮೇಹದ ಇಲಿಗಳಲ್ಲಿ ಆಕರಕೋಶಗಳು ಫಲ ಕೊಟ್ಟವು. ಅವು ತಾವೇ ಹೊಸ ನಾಳವಾಗುವುದಕ್ಕಿಂತ, ಸ್ರವಿಸುವ ರಾಸಾಯನಿಕಗಳಿಂದ ಸುತ್ತಲಿನ ಅಂಗಾಂಶವನ್ನು ಚೇತರಿಸುತ್ತವೆ ಎಂಬುದು ಈಗಿನ ತಿಳಿವಳಿಕೆ. ದಕ್ಷಿಣ ಕೊರಿಯಾದ ವೈದ್ಯರು ಹೊಕ್ಕುಳಬಳ್ಳಿ ರಕ್ತದ ಆಕರಕೋಶಗಳನ್ನು 7 ಮಂದಿ ಮಧುಮೇಹಿಗಳಿಗೆ ಚುಚ್ಚಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ತಿಂಗಳೊಳಗೆ 6 ಮಂದಿಗೆ ಬೆಳಗಿನ ನಿಮಿರುವಿಕೆ ಮರಳಿತು. ಆದರೆ ಸಂಭೋಗಕ್ಕೆ ಅದು ಸಾಲಲಿಲ್ಲ. ಮಾತ್ರೆಯನ್ನೂ ಸೇರಿಸಿದ ಮೇಲೆ ಇಬ್ಬರಿಗೆ ಸಾಧ್ಯವಾಯಿತು. ಜೋರ್ಡಾನ್‌ನಲ್ಲಿ 2018ರಲ್ಲಿ ವರದಿಯಾದ ಪ್ರಯೋಗದಲ್ಲಿದ್ದವರು ನಾಲ್ವರೇ. ಇಷ್ಟು ಸಣ್ಣ ಆಧಾರದ ಮೇಲೆ ಈ ಚಿಕಿತ್ಸೆಗೆ ಲಕ್ಷಗಟ್ಟಲೆ ದುಡ್ಡು ಕೇಳುವುದು ಅನ್ಯಾಯವೆಂದೇ ನಾನು ಹೇಳುತ್ತೇನೆ.

ಸರಿಯಾದ ದಾರಿ ಹೇಗಿರುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ 'ಸ್ಟೆಂಪ್ಯೂಸೆಲ್' ಕೋಶಗಳನ್ನು ರಕ್ತ ಹರಿಯದೆ ಕೊಳೆಯುವ ಕಾಲುಗಳ ಮೇಲೆ ವರ್ಷಗಳ ಕಾಲ ಪರೀಕ್ಷಿಸಿತು. 2020ರಲ್ಲಿ ದೇಶದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು, ಅದೂ ಆ ಕಾಲಿನ ಕಾಯಿಲೆಗೆ. ನಿಮಿರು ದೌರ್ಬಲ್ಯಕ್ಕೆ ಅಂಥ ಒಪ್ಪಿಗೆ ಇಲ್ಲ. ಫಲ ಸಾಬೀತಾಗದ ಕಾಯಿಲೆಗಳಿಗೆ ಆಕರಕೋಶ ಕೊಡುವುದಾದರೆ ಅದು ಅನುಮತಿ ಪಡೆದ ಪ್ರಯೋಗದೊಳಗೇ ಆಗಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ.

ಬಚ್ಚಿಡುವುದರಲ್ಲಿ ಇನ್ನೊಂದು ಅಪಾಯವಿದೆ. ಶಿಶ್ನದ ರಕ್ತನಾಳ ಹೃದಯದ ನಾಳಕ್ಕಿಂತ ಕಿರಿದು. ಕಟ್ಟಿಕೊಳ್ಳುವ ಲಕ್ಷಣ ಅಲ್ಲಿ ಮೊದಲು ಕಾಣಬಹುದು. ಹೃದಯಾಘಾತಕ್ಕೆ ಕೆಲವು ವರ್ಷ ಮುಂಚೆ ಸಿಗುವ ಸೂಚನೆ ಇದಾಗಿರಬಹುದು. ಆದ್ದರಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ನಿಮ್ಮ ಶುಗರ್ ಡಾಕ್ಟರ ಬಳಿಗೋ ಹೋಗಿ, ಬಾಯಿಬಿಟ್ಟು ಹೇಳಿ. ಮೂರು ತಿಂಗಳ ಸಕ್ಕರೆ ಸರಾಸರಿ, ಬಿಪಿ, ಕೊಲೆಸ್ಟರಾಲ್ ನೋಡಿಸಿ, ಬೀಡಿ ಸಿಗರೇಟು ಬಿಡಿ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ಬಳಸುವವರು ಸಿಲ್ಡೆನಾಫಿಲ್ ಮುಟ್ಟಲೇಬಾರದು. ಎರಡೂ ಸೇರಿದರೆ ರಕ್ತದೊತ್ತಡ ಪ್ರಾಣಕ್ಕೆ ಕುತ್ತಾಗುವಷ್ಟು ಕುಸಿಯಬಹುದು.